‘ಕಾಲು ಜಾರಿ’ ಎಂದು ಬರೆದು ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಮೂಟೆ ಕಟ್ಟದೆ ಬಿಡಿಯಾಗಿ ತುಂಬಿದ ಧಾನ್ಯವನ್ನು ಲಾರಿಯಿಂದ ಇಳಿಸುವಾಗ ಯಾರಾದರೂ ಸತ್ತರೆ ಪತ್ರಿಕೆಯಲ್ಲಿ ಬರುವುದು ಮೂರೇ ಸಾಲು. ‘ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಕಾರ್ಮಿಕ ಸಾವು.’ ಓದಿದವರು ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಾರೆ. ನಾನು ಕೆಲವು ವರ್ಷ ಇದೇ ಕೆಲಸ ಮಾಡಿದವನು. ಆ ‘ಕಾಲು ಜಾರಿ’ ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಹರಿಯುವ ಕಾಳಿನ ಮೇಲೆ ನಿಂತವನು ಜಾರುವುದಿಲ್ಲ ಸ್ವಾಮಿ, ಕಾಳೇ ಅವನನ್ನು ಒಳಗೆ ಎಳೆದುಕೊಳ್ಳುತ್ತದೆ. ಕಾಳು ಹರಿಯಬೇಕಾದರೆ ಅದನ್ನು ಹೊರಬಿಡುವ ಲಾರಿಯ ಕೆಳಗಿನ ಬಾಗಿಲನ್ನು ಯಾರೋ ತೆಗೆದಿರಬೇಕು.

ಬಾಗಿಲು ತೆಗೆದಾಗ ರಾಶಿ ಮೇಲಿನಿಂದ ಒಂದೇ ಸಮ ಇಳಿಯುವುದಿಲ್ಲ. ಬಾಗಿಲಿನ ನೇರಕ್ಕೆ ಇರುವ ಕಾಳು ಮೊದಲು ಇಳಿದು, ಮೇಲೆ ಆಲಿಕೆಯ ಹಾಗೆ ಗುಂಡಿ ಬೀಳುತ್ತದೆ. ಅಲ್ಲಿ ನಿಂತವನು ಮೊಣಕಾಲವರೆಗೆ ಮುಳುಗಲು 4–5 ಸೆಕೆಂಡ್ ಸಾಕು. ಅಷ್ಟಾದ ಮೇಲೆ ಕಾಲು ಕಿತ್ತುಕೊಳ್ಳಲು ಸ್ವಂತ ಬಲ ಸಾಲುವುದಿಲ್ಲ. ರಾಶಿ ಆಳವಾಗಿದ್ದರೆ ಅರ್ಧ ನಿಮಿಷದೊಳಗೆ ತಲೆಯೂ ಕಾಣುವುದಿಲ್ಲ, ಕೂಗಿದರೂ ಇಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎದೆಯವರೆಗೆ ಮಾತ್ರ ಮುಳುಗಿದರೂ ಕಷ್ಟವೇ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದಲ್ಲ, ಆ ಜಾಗಕ್ಕೆ ಕಾಳು ಬಂದು ಕೂರುತ್ತದೆ, ಮತ್ತೆ ಉಸಿರು ಎಳೆಯಲು ಬಿಡುವುದಿಲ್ಲ.

ಹಾಗಾದರೆ ಅವನು ಅಲ್ಲಿಗೆ ಹತ್ತಿದ್ದೇಕೆ? ತೇವ ಇದ್ದ ಕಾಳು ಅಂಟಿಕೊಂಡು ಹೆಪ್ಪುಗಟ್ಟಿರುತ್ತದೆ, ಹರಿಯುವುದು ನಿಂತಿರುತ್ತದೆ. ಹಿಂದೆ ನಾಲ್ಕು ಲಾರಿ ಹಾರ್ನ್ ಹೊಡೆಯುತ್ತಿರುತ್ತವೆ. ಯಾರೋ ‘ಹತ್ತಿ ಒಂದ್ಸಲ ತಳ್ಳಪ್ಪಾ’ ಅನ್ನುತ್ತಾರೆ, ಇವನು ಸಲಿಕೆ ಹಿಡಿದು ಹತ್ತುತ್ತಾನೆ. ಬಾಗಿಲು ಮುಚ್ಚಿ ಮತ್ತೆ ತೆಗೆಯುವುದು ಎಂದರೆ ಎರಡು ನಿಮಿಷ ದಂಡ ಅಲ್ವಾ! ನಾನೂ ಹೀಗೇ ಹತ್ತಿದವನು. ಒಂದು ಸಲ ಸೊಂಟದವರೆಗೆ ಹೋಗಿದ್ದೆ. ಕೆಳಗಿದ್ದ ಕ್ಲೀನರ್ ಹುಡುಗ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಏನನ್ನಿಸಿತೋ ಓಡಿಬಂದು ಬಾಗಿಲು ಮುಚ್ಚಿಬಿಟ್ಟ.

ಆಮೇಲೆ ಮೂರು ಜನ ನನ್ನ ರಟ್ಟೆ ಹಿಡಿದು ಎಳೆದರು. ಒಳ್ಳೆಯ ಮನಸ್ಸಿನಿಂದಲೇ ಎಳೆದರು, ಆದರೆ ನಾನು ಒಂದಿಂಚೂ ಮೇಲೆ ಬರಲಿಲ್ಲ, ಭುಜ ಮಾತ್ರ ತಿಂಗಳುಗಟ್ಟಲೆ ನೋಯಿತು. ಸೊಂಟದವರೆಗೆ ಹೂತವನನ್ನು ಮೇಲೆತ್ತಲು ನೂರಾರು ಕಿಲೋ ಬಲ ಬೇಕು, ಹಾಗೆ ಎಳೆದರೆ ಬೆನ್ನುಮೂಳೆಗೇ ಪೆಟ್ಟು. ಸುತ್ತ ಹಲಗೆಯೋ ತಗಡೋ ನೆಟ್ಟು ಮರೆ ಮಾಡಿ, ಒಳಗಿನ ಕಾಳನ್ನು ಡಬ್ಬಿಯಲ್ಲಿ ತೋಡಿ ಹಾಕಬೇಕು. ‘ಬೇಗ ಖಾಲಿಯಾಗಲಿ’ ಎಂದು ಬಾಗಿಲನ್ನು ಇನ್ನಷ್ಟು ತೆಗೆಯುವ ಬುದ್ಧಿವಂತರೂ ಇರುತ್ತಾರೆ. ದಯವಿಟ್ಟು ಬೇಡ.

ಮೇಲೆ ಹತ್ತುವ ಮೊದಲು ಬಾಗಿಲು ಮುಚ್ಚಬೇಕು, ಇಂಜಿನ್ ನಿಲ್ಲಿಸಬೇಕು, ಬೀಗದ ಕೈ ಹತ್ತುವವನ ಜೇಬಿನಲ್ಲೇ ಇರಬೇಕು. ಹೆಪ್ಪುಗಟ್ಟಿದ್ದನ್ನು ಹೊರಗೆ ನಿಂತೇ ಉದ್ದ ಗಳದಿಂದ ಚುಚ್ಚಿ ಬಿಡಿಸಬಹುದು. ಅದಕ್ಕೂ ಜಗ್ಗದೆ ಹತ್ತಲೇಬೇಕಾದರೆ ಹೆಗಲಿಗೂ ತೊಡೆಗೂ ಸೇರಿಸಿ ಹಾಕುವ ಸುರಕ್ಷತಾ ಪಟ್ಟಿಗೆ ಹಗ್ಗ ಕಟ್ಟಿರಲಿ, ಅವನ ಮೇಲೆ ಕಣ್ಣಿಟ್ಟು ಒಬ್ಬ ಸುಮ್ನೆ ನಿಂತಿರಲಿ. ಹೀಗೆ ನಿಂತವನಿಗೆ ಕೂಲಿ ಕೊಡಲು ಮಾಲೀಕರಿಗೆ ಹೊಟ್ಟೆ ಉರಿಯುತ್ತದೆ, ಗೊತ್ತು.

ಟಿಪ್ಪರ್ ಇದ್ದರೆ ಒಳಗೆ ಹತ್ತುವ ಕೆಲಸ ಕಡಿಮೆ, ನಿಜ. ಆದರೆ ನೆಲ ಓರೆಯಾಗಿದ್ದು, ಕಾಳು ಒಂದೇ ಪಕ್ಕಕ್ಕೆ ಅಂಟಿಕೊಂಡರೆ ಎತ್ತಿದ ಗಾಡಿ ಮಗುಚುತ್ತದೆ, ಪಕ್ಕದಲ್ಲಿ ನಿಂತವರು ಅದರ ಕೆಳಗೆ ಸಿಕ್ಕಿಬೀಳುತ್ತಾರೆ. ಇನ್ನು ಮೇಲಿನ ಕರೆಂಟ್ ತಂತಿ. ಎತ್ತಿದ ಡಬ್ಬ ತಂತಿಗೆ ತಾಗಿದರೆ ಡ್ರೈವರ್ ಕ್ಯಾಬಿನ್‌ನಲ್ಲೇ ಕೂತಿರಬೇಕು, ಉಳಿದವರು ಗಾಡಿಯ ಹತ್ತಿರ ಸುಳಿಯಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ದೂರಕ್ಕೆ ನೆಗೆಯಬೇಕು. ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಆದರೆ ಕಥೆ ಮುಗಿಯಿತು.

ಹುಳ ಹಿಡಿಯದಿರಲಿ ಎಂದು ಕಾಳಿನೊಳಗೆ ಮಾತ್ರೆ ಇಟ್ಟಿರುತ್ತಾರಲ್ಲ, ಅದರ ಬಗ್ಗೆ ಇಳಿಸುವವರಿಗೆ ಯಾರೂ ಹೇಳುವುದೇ ಇಲ್ಲ. ಅದು ತೇವ ತಾಗಿದರೆ ಫಾಸ್ಫೀನ್ ಎಂಬ ವಿಷದ ಗಾಳಿ ಬಿಡುತ್ತದೆ. ಟಾರ್ಪಾಲು ಬಿಚ್ಚಿದ ಕೂಡಲೇ ಒಳಗೆ ಇಳಿಯುವುದು ಎಷ್ಟು ಅಪಾಯ ನೋಡಿ.

ಸಂಪಾದಕರೇ, ಮುಂದಿನ ಸಲ ಇಂಥ ಸುದ್ದಿ ಬಂದಾಗ ನಿಮ್ಮ ವರದಿಗಾರರಿಗೆ ಒಂದು ಮಾತು ಹೇಳಿ. ಅವನು ಮೇಲಿದ್ದಾಗ ಬಾಗಿಲು ತೆರೆದಿತ್ತಾ, ತೆಗೆದವರು ಯಾರು, ಹತ್ತು ಎಂದವರು ಯಾರು, ಕೆಳಗೆ ಯಾರಾದರೂ ನೋಡುತ್ತಿದ್ದರಾ ಎಂದು ಕೇಳಿ ಬರೆಯಲಿ. ಮೂರು ಸಾಲಿಗೆ ಇನ್ನೆರಡು ಸಾಲು ಜಾಸ್ತಿ ಆಗಬಹುದು, ಅಷ್ಟೇ.

– ಒಬ್ಬ ಹಳೇ ಹಮಾಲಿ