ಗಾಳಿಯಲ್ಲಿ ದೂಳು ಅಳೆದದ್ದಾಯ್ತು, ಕಾರ್ಬನ್ ಅಳೆಯೋದು ಯಾವಾಗ?

ಸಂಪಾದಕರೇ, ನಮಸ್ಕಾರ.

ಬೆಂಗಳೂರಿನ ಗಾಳಿ ಹೇಗಿದೆ ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಅಂಕಿ ಬರುತ್ತದೆ. ದೂಳು ಇಷ್ಟು, ನೈಟ್ರೋಜನ್ ಡೈಆಕ್ಸೈಡ್ ಇಷ್ಟು, ಓಝೋನ್ ಇಷ್ಟು. ಒಳ್ಳೆಯದೇ. ಆದರೆ ಭೂಮಿ ಬಿಸಿಯಾಗಲು ಮುಖ್ಯ ಕಾರಣವಾದ ಎರಡು ಅನಿಲಗಳು, ಅಂದರೆ ಕಾರ್ಬನ್ ಡೈಆಕ್ಸೈಡ್ ಮತ್ತು ಮೀಥೇನ್, ಆ ಪಟ್ಟಿಯಲ್ಲೇ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಹೊರಡಿಸಿದ ಮಾನದಂಡದಲ್ಲಿ 12 ಮಾಲಿನ್ಯಗಳ ಹೆಸರಿದೆ. ಸೀಸ ಇದೆ, ನಿಕ್ಕಲ್ ಇದೆ, ಬೆಂಜೀನ್ ಇದೆ. ಇವೆರಡಿಲ್ಲ. ರಸ್ತೆಯ ಗಾಳಿಯಲ್ಲಿ ಇರುವಷ್ಟು ಪ್ರಮಾಣದಲ್ಲಿ ಇವು ಯಾರ ಶ್ವಾಸಕೋಶವನ್ನೂ ಕೆಡಿಸುವುದಿಲ್ಲ, ಹಾಗಾಗಿ ಬಿಟ್ಟಿದ್ದಾರೆ, ಸರಿ. ಆದರೆ 2023ರ ಕೊನೆಗೆ ಬಿಬಿಎಂಪಿ ಒಂದು ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿ, 2050ರ ಹೊತ್ತಿಗೆ ಊರಿನ ಕಾರ್ಬನ್ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಎಂದಿತು. ಈಗ ಬಿಬಿಎಂಪಿಯೇ ಇಲ್ಲ, ಅದು ಬೇರೆ ಮಾತು. ಆ ಸೊನ್ನೆ ಬಂತೋ ಇಲ್ಲವೋ ಅಂತ ಗಾಳಿಯಲ್ಲಿ ನೋಡುವವರು ಯಾರು?

ಇದರಲ್ಲಿ ಒಂದು ತಮಾಷೆ ಇದೆ. ಅಳೆಯುವ ವಿದ್ಯೆ ನಮ್ಮ ಮಾಪನ ಕೇಂದ್ರಗಳಿಗೆ ಹೊಸದೇನಲ್ಲ. ಕಾರ್ಬನ್ ಮೋನಾಕ್ಸೈಡ್ ಅಳೆಯೋಕೆ ಅದೇ 2009ರ ಮಾನದಂಡ ಹೇಳುವ ವಿಧಾನ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಶಾಖದ ಬೆಳಕಿನದು. ಒಂದು ಕೊಳವೆ, ಒಂದು ತುದಿಯಲ್ಲಿ ಸಣ್ಣ ದೀಪ, ಇನ್ನೊಂದು ತುದಿಯಲ್ಲಿ ಡಿಟೆಕ್ಟರ್, ನಡುವೆ ನಮ್ಮ ರಸ್ತೆಯ ಗಾಳಿ. ಮೋನಾಕ್ಸೈಡ್ 4.6 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸುತ್ತಮುತ್ತಲಿನ ಅಲೆಯುದ್ದದ ಬೆಳಕನ್ನು ಹೀರುತ್ತದೆ. ಕಾರ್ಬನ್ ಡೈಆಕ್ಸೈಡ್ ಹೀರುವುದು 4.26 ಮೈಕ್ರಾನ್ ಹತ್ತಿರ. ಮೀಥೇನ್ 3.3ರ ಹತ್ತಿರ. ಗಾಳಿಯಲ್ಲಿ ಜಾಸ್ತಿ ಇರುವ ನೈಟ್ರೋಜನ್, ಆಕ್ಸಿಜನ್ ಈ ಬೆಳಕನ್ನು ಮುಟ್ಟುವುದೇ ಇಲ್ಲ. ಎಷ್ಟು ಬೆಳಕು ಕಡಿಮೆಯಾಯ್ತೋ ಅದರಿಂದ ಅನಿಲ ಎಷ್ಟಿದೆ ಅಂತ ಲೆಕ್ಕ ಸಿಗುತ್ತದೆ. ದೀಪ ಹಳತಾಗಿ ಮಂಕಾದರೆ? ಅದಕ್ಕೂ ಉಪಾಯವಿದೆ. ಯಾವ ಅನಿಲವೂ ಹೀರದ, 3.9 ಮೈಕ್ರಾನ್ ಆಸುಪಾಸಿನ ಇನ್ನೊಂದು ಕಿರಣವನ್ನೂ ಜೊತೆಗೆ ನೋಡುತ್ತಾರೆ. ಎರಡೂ ಒಟ್ಟಿಗೆ ಮಂಕಾದರೆ ತಪ್ಪು ದೀಪದ್ದು, ಒಂದೇ ಮಂಕಾದರೆ ಕಾರಣ ಅನಿಲ.

1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ವಿಜ್ಞಾನಿ ಜಾನ್ ಟಿಂಡಾಲ್ ಎರಡೂ ತುದಿಗೆ ಕಲ್ಲುಪ್ಪಿನ ಬಿಲ್ಲೆ ಕೂರಿಸಿದ ಕೊಳವೆಯಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಉಪ್ಪು ಯಾಕೆ ಅಂದರೆ ಗಾಜು ಶಾಖದ ಕಿರಣವನ್ನು ತಡೆಯುತ್ತದೆ, ಉಪ್ಪು ಬಿಡುತ್ತದೆ. ಆಮೇಲೆ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಇನ್‌ಫ್ರಾರೆಡ್ ಯಂತ್ರ ಇಟ್ಟು ಅಳೆಯಲು ಶುರು ಮಾಡಿದಾಗ, ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಕಾರ್ಬನ್ ಡೈಆಕ್ಸೈಡ್ ಇದ್ದವು. ಈಗ 420 ದಾಟಿದೆ. ಇದನ್ನೇ ಪಿಪಿಎಂ ಅನ್ನುವುದು.

ನಾನೂ ಬಾಲ್ಕನಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯುವ ಇಂಥದ್ದೊಂದು ಅಗ್ಗದ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಬೆಳಗಿನ ಜಾವ ಅಂಕಿ ಏರಿರುತ್ತದೆ, ಬಿಸಿಲು ಏರಿದ ಹಾಗೆ ಇಳಿಯುತ್ತದೆ. ಬೆಳಿಗ್ಗೆ ಟ್ರಾಫಿಕ್ ಜಾಸ್ತಿ ಅಂತಲ್ಲ, ಆಗಿನ್ನೂ ಹಾಲಿನವನ ಗಾಡಿ ಬಿಟ್ಟರೆ ರಸ್ತೆಯಲ್ಲಿ ಏನೂ ಇರುವುದಿಲ್ಲ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅಲ್ಲೇ ನಿಂತುಬಿಡುತ್ತದೆ, ಗಿಡಮರ ಮತ್ತು ಮಣ್ಣು ಬಿಟ್ಟ ಉಸಿರೂ ಅದರಲ್ಲೇ ಉಳಿಯುತ್ತದೆ. ಮಧ್ಯಾಹ್ನ ಬಿಸಿಗೆ ಅದು ಮೇಲಿನ ಗಾಳಿ ಜೊತೆ ಬೆರೆಯುತ್ತದೆ. ಅಮ್ಮ ತುಳಸಿಗೆ ನೀರು ಹಾಕಲು ಬಂದು ಪೆಟ್ಟಿಗೆ ಹತ್ತಿರ ಬಗ್ಗಿದರೆ ಸಾಕು, ಅವರ ಉಸಿರಿಗೇ ಅಂಕಿ ಧಡಕ್ಕನೆ ನೂರಾರು ಮೇಲೆ ಹೋಗುತ್ತದೆ. ಹಾಗಾಗಿ ಯಾರೋ ಒಂದು ಅಂಕಿಯ ಫೋಟೋ ತೆಗೆದು, ನೋಡಿ ನಮ್ಮ ಏರಿಯಾದಲ್ಲಿ 500 ಇದೆ ಅಂತ ವಾಟ್ಸಾಪ್‌ನಲ್ಲಿ ಹಾಕಿದರೆ ದಯವಿಟ್ಟು ಗಾಬರಿಯಾಗಬೇಡಿ, ಸುದ್ದಿಯನ್ನಂತೂ ಮಾಡಲೇಬೇಡಿ.

ಇಂಥ ಪೆಟ್ಟಿಗೆಗಳಲ್ಲಿ ಇನ್ನೂ ಒಂದು ಮೋಸ ಇದೆ. ಎಷ್ಟೋ ಅಗ್ಗದ ಸೆನ್ಸರ್‌ಗಳು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ವಾರವೊಂದರಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಹಿಡಿದು, ಇದೇ ಹೊರಗಿನ ಶುದ್ಧ ಗಾಳಿ, ಇದು 400 ಅಂತ ತೀರ್ಮಾನಿಸಿಬಿಡುತ್ತವೆ. ಆಫೀಸಿನ ಎಸಿ ರೂಮಿಗೆ ಇದು ನಡೆಯುತ್ತದೆ. ಆದರೆ ಪೆಸಿಫಿಕ್ ಸಾಗರದ ನಡುವಿನ ಬೆಟ್ಟದ ಮೇಲೇ 420 ದಾಟಿರುವಾಗ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ 400 ಎಲ್ಲಿಂದ ಬರಬೇಕು? ಇಂಥ ಸೆನ್ಸರ್ ಊರತುಂಬ ಕಂಬಗಳ ಮೇಲೆ ಕೂರಿಸಿ ಸ್ಮಾರ್ಟ್ ಸಿಟಿ ಅಂತ ಬೋರ್ಡ್ ಹಾಕಿದರೆ, ಕಾರ್ಬನ್ ಎಷ್ಟೇ ಏರಲಿ, ಅದು ಪ್ರತಿ ವಾರ 400ಕ್ಕೇ ವಾಪಸ್ ಬರುತ್ತದೆ. ಟೆಂಡರ್ ಕರೆಯುವವರು ಇದನ್ನು ಮೊದಲು ಓದಿಕೊಳ್ಳಬೇಕು.

ಸರಿಯಾಗಿ ಅಳೆಯುವ ಯಂತ್ರಗಳು ಇವೆ. ಅವುಗಳಲ್ಲಿ ಒಂದು ಬಗೆಯಲ್ಲಿ ಗೇಣುದ್ದದ ಕೋಣೆಯೊಳಗೆ ಇನ್‌ಫ್ರಾರೆಡ್ ಲೇಸರ್ ಬಿಟ್ಟು ಕನ್ನಡಿಗಳ ನಡುವೆ ಅದನ್ನು ಸಾವಿರಾರು ಸಲ ಓಡಾಡಿಸುತ್ತಾರೆ. ಬೆಳಕು ಒಟ್ಟು ಸಾಗುವ ದಾರಿ ಸುಮಾರು 20 ಕಿ.ಮೀ., ಅಂದರೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಹೋದಷ್ಟು. ಅಷ್ಟು ಉದ್ದದ ದಾರಿ ಇರುವುದರಿಂದ ಹತ್ತು ಲಕ್ಷಕ್ಕೆ ಎರಡೂ ತುಂಬದ ಮೀಥೇನ್ ಕೂಡ ನಿಖರವಾಗಿ ಸಿಗುತ್ತದೆ. ಇಂಥ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಅಮೆರಿಕದ ಬಾಸ್ಟನ್ ನಗರದ ಸುಮಾರು 1,260 ಕಿ.ಮೀ. ರಸ್ತೆ ಸುತ್ತಿದವರು, ನೆಲದಡಿಯ ಗ್ಯಾಸ್ (ಅದು ಬಹುಪಾಲು ಮೀಥೇನೇ) ಪೈಪ್‌ಗಳಲ್ಲಿ 3,356 ಸೋರಿಕೆ ಪತ್ತೆ ಮಾಡಿದರು. 2018ರಲ್ಲಿ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಅಲ್ಲಿನ ಪ್ರಸಿದ್ಧ ಬಿಯರ್ ಜಾತ್ರೆ ಆಕ್ಟೋಬರ್‌ಫೆಸ್ಟ್‌ನ ಬೇಲಿ ಸುತ್ತ ಯಂತ್ರ ಹಿಡಿದು ಓಡಾಡಿದರು. ಮೀಥೇನ್ ಬಂದದ್ದು ಜನರಿಂದಲ್ಲ, ಬಹುಪಾಲು ಗ್ಯಾಸ್ ಒಲೆ, ಹೀಟರ್‌ಗಳಲ್ಲಿ ಪೂರ್ತಿ ಉರಿಯದೆ ಉಳಿದ ಗ್ಯಾಸ್‌ನಿಂದ ಅಂತ ಗೊತ್ತಾಯ್ತು. ನಮ್ಮ ಬಡಾವಣೆಗಳಲ್ಲೂ ಈಗ ರಸ್ತೆ ಅಗೆದು ಪೈಪ್ ಗ್ಯಾಸ್ ಹಾಕುತ್ತಿದ್ದಾರೆ. ಇನ್ನೊಬ್ಬರು ಬಂದು ಒಳಚರಂಡಿಗೆ ಅದೇ ಜಾಗ ಅಗೆಯುತ್ತಾರೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ, ಅಲ್ವಾ?

ದುಬಾರಿ ಯಂತ್ರವೇ ಎಲ್ಲ ಕಡೆ ಬೇಕು ಅಂತಲೂ ಇಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಸುಮಾರು ಎರಡೆರಡು ಕಿ.ಮೀ.ಗೆ ಒಂದರಂತೆ ಸಾಧಾರಣ ಇನ್‌ಫ್ರಾರೆಡ್ ಸೆನ್ಸರ್ ಹರಡಿದ್ದಾರೆ. ಬಿಡಿಯಾಗಿ ನೋಡಿದರೆ ಅವು ಅಷ್ಟು ನಿಖರ ಅಲ್ಲ, ಒಟ್ಟಾಗಿ ಚೆನ್ನಾಗಿ ಕೆಲಸ ಮಾಡುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ಹೆಚ್ಚುಕಡಿಮೆ ಕಾಲು ಭಾಗ ಇಳಿದದ್ದು, ಅದರಲ್ಲೂ ಇಳಿದದ್ದು ಮುಖ್ಯವಾಗಿ ವಾಹನಗಳದ್ದು ಅನ್ನುವುದು ಈ ಸೆನ್ಸರ್‌ಗಳಲ್ಲಿ ಕಂಡಿತು. ನಮ್ಮ ಊರೂ ಆಗ ಖಾಲಿಯಾಗಿತ್ತು. ಔಟರ್ ರಿಂಗ್ ರೋಡ್‌ನಲ್ಲಿ ಹಕ್ಕಿ ಕೂಗು ಕೇಳಿಸುತ್ತಿತ್ತು. ಅಂಥ ಪರೀಕ್ಷೆ ಮತ್ತೆ ಸಿಗುವುದಿಲ್ಲ, ಸಿಗೋದೂ ಬೇಡ.

ಲೆಕ್ಕ ಹಾಕಿದ್ದಾರಲ್ಲ, ಅಳತೆ ಯಾಕೆ ಅಂತ ಕೇಳಬಹುದು. ಹೌದು, ಪೆಟ್ರೋಲ್ ಎಷ್ಟು ಮಾರಾಟವಾಯ್ತು, ಕರೆಂಟ್ ಎಷ್ಟು ಯೂನಿಟ್ ಖರ್ಚಾಯ್ತು, ಕಸ ಎಷ್ಟು ಟನ್ ಬಿತ್ತು ಅಂತ ಕೂಡಿ ಗುಣಿಸಿ ನಗರಗಳು ಪಟ್ಟಿ ಮಾಡುತ್ತವೆ. ಪೆಟ್ರೋಲ್ ಲೆಕ್ಕ ಸಾಕಷ್ಟು ಸರಿ ಇರುತ್ತದೆ. ಕರೆಂಟಿನದ್ದು ಗಾಳಿಯಲ್ಲಿ ಸಿಗುವುದೇ ಇಲ್ಲ, ಯಾಕೆಂದರೆ ನಮ್ಮ ಎಸಿಗೆ ಬೇಕಾದ ಕಲ್ಲಿದ್ದಲು ಉರಿಯುವುದು ರಾಯಚೂರು, ಬಳ್ಳಾರಿಯಲ್ಲಿ. ಅದಕ್ಕೆ ಪುಸ್ತಕದ ಲೆಕ್ಕವೇ ಬೇಕು. ಎಡವಟ್ಟಾಗುವುದು ಕಸದಲ್ಲಿ, ಅದು ಕೊಳೆತು ಬಿಡುವ ಮೀಥೇನ್‌ನಲ್ಲಿ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳ ನೇತೃತ್ವದ ತಂಡ ಇನ್‌ಫ್ರಾರೆಡ್‌ನಲ್ಲೇ ನೋಡುವ ಉಪಗ್ರಹಗಳಿಂದ ದೆಹಲಿ, ಮುಂಬೈ, ಲಾಹೋರ್, ಬ್ಯೂನಸ್ ಐರಿಸ್ ನಗರಗಳ ಮೀಥೇನ್ ಅಳೆಯಿತು. ಪಟ್ಟಿಗಳಲ್ಲಿದ್ದದ್ದಕ್ಕಿಂತ ಅದು 1.4ರಿಂದ 2.6 ಪಟ್ಟು ಜಾಸ್ತಿ ಇತ್ತು. ಕಸದ ಗುಡ್ಡಗಳ ಪಾಲು ದೊಡ್ಡದು. ಮೊದಲ 20 ವರ್ಷದ ಲೆಕ್ಕದಲ್ಲಿ ಮೀಥೇನ್ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿ ಮಾಡುತ್ತದೆ ಅನ್ನುವುದನ್ನು ಇದರ ಜೊತೆ ಇಟ್ಟು ನೋಡಿ.

ನಮ್ಮವರಿಗೆ ಇದು ಬರುವುದಿಲ್ಲ ಅಂತಲೂ ಅಲ್ಲ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಸೇರಿದ ಲಡಾಖ್‌ನ ಹಾನ್ಲೆ ವೀಕ್ಷಣಾಲಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, ಫ್ರೆಂಚ್ ವಿಜ್ಞಾನಿಗಳ ಜೊತೆಗೂಡಿ 2005ರಷ್ಟು ಹಿಂದೆಯೇ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರು ಮಾಡಿದ್ದರು. ಹಿಮದಲ್ಲಿ ಮಾಡಿದ್ದನ್ನು ಹೆಬ್ಬಾಳದಲ್ಲಿ ಮಾಡೋಕೆ ಏನು ಕಷ್ಟ?

ಕೇಳುವುದು ಜಾಸ್ತಿ ಏನಿಲ್ಲ. ಗಾಳಿ ಊರಿಗೆ ಬರುವ ಕಡೆ ಒಂದು, ಊರು ದಾಟಿ ಹೋಗುವ ಕಡೆ ಒಂದು ಒಳ್ಳೆಯ ಯಂತ್ರ ಇಡಲಿ. ಎರಡರ ವ್ಯತ್ಯಾಸವೇ ನಮ್ಮ ಊರು ಸೇರಿಸಿದ್ದು. ಅವುಗಳ ಲೆಕ್ಕಕ್ಕೆ ಹೊಂದಿಸಿಕೊಂಡು ಈಗಿರುವ ಮಾಪನ ಕೇಂದ್ರಗಳಲ್ಲಿ ಸಾಧಾರಣ ಸೆನ್ಸರ್ ಕೂರಿಸಲಿ. ಹೊಸ ಜಾಗ, ಹೊಸ ಕಟ್ಟಡ ಬೇಡ. ಗೊತ್ತಿರುವ ಪ್ರಮಾಣದ ಅನಿಲ ತುಂಬಿದ ಸಿಲಿಂಡರ್‌ನಿಂದ ಯಂತ್ರಗಳನ್ನು ಆಗಾಗ ಪರೀಕ್ಷಿಸುವ ಖರ್ಚನ್ನು ಟೆಂಡರ್‌ನಲ್ಲೇ ಸೇರಿಸಲಿ, ಇಲ್ಲದಿದ್ದರೆ ಎರಡು ವರ್ಷಕ್ಕೆ ಅವು ಬರೀ ಡಬ್ಬಗಳು. ಅಂಕಿಗಳು ಗಂಟೆಗಂಟೆಗೂ ಎಲ್ಲರಿಗೂ ಸಿಗಲಿ, ಆರ್‌ಟಿಐ ಹಾಕುವ ಹಾಗೆ ಆಗದಿರಲಿ.

ಅಷ್ಟಕ್ಕೂ ಕಾಯಬೇಕಾಗಿಲ್ಲ, ಮೊದಲು ಒಂದೇ ಒಂದು ಯಂತ್ರ ತಂದು ಕಾರಿನಲ್ಲಿ ಇಡಲಿ. ಮಿಟ್ಟಗಾನಹಳ್ಳಿಯ ಕಸದ ರಾಶಿ, ಆಮೇಲೆ ಕಸ ಹಾಕೋದು ನಿಂತು ವರ್ಷಗಳೇ ಆದ ಮಂಡೂರು, ಮಾವಳ್ಳಿಪುರ. ಮುಚ್ಚಿದ ರಾಶಿಯೊಳಗೂ ಕೊಳೆಯುವುದು ನಿಂತಿರುವುದಿಲ್ಲ. ಗಾಳಿ ಚೆನ್ನಾಗಿ ಬೀಸುವ ಮಧ್ಯಾಹ್ನ ನೋಡಿ, ಗುಡ್ಡದ ಈ ಬದಿಯ ರಸ್ತೆಯಲ್ಲಿ ಒಂದು ಸಲ, ಆ ಬದಿಯಲ್ಲಿ ಒಂದು ಸಲ ಓಡಿಸಿದರೆ ಮೊದಲ ಅಂಕಿ ಅವತ್ತೇ ಸಿಗುತ್ತದೆ.

ಇಂತಿ,
ನಿಮ್ಮ ಒಬ್ಬ ಓದುಗ, ಬೆಂಗಳೂರು