ಇನ್ನೊಂದು ಶನಿವಾರ ಹೋಗಿ ಬಾ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು.

ನೀನು ಹೊಸ ಊರಿಗೆ ಹೋಗಿ ಮೂರು ತಿಂಗಳಾಯಿತು. ಮೊನ್ನೆ ಫೋನಿನಲ್ಲಿ ಕೆಲಸದ ಬಗ್ಗೆ, ಮನೆಯ ಬಗ್ಗೆ ಎಲ್ಲ ಚೆನ್ನಾಗಿಯೇ ಹೇಳಿದೆ. ಇಡುವ ಹೊತ್ತಿಗೆ ನಿನ್ನ ದನಿ ಇಳಿಯಿತು. "ಭಾನುವಾರ ಇಡೀ ದಿನ ಯಾರ ಜೊತೆಗೂ ಒಂದು ಮಾತೂ ಆಡಿಲ್ಲ ಅತ್ತೆ" ಅಂದೆ. ನಾನು ಏನೋ ಸಮಾಧಾನ ಹೇಳಿ ಇಟ್ಟುಬಿಟ್ಟೆ. ಆದರೆ ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬ್ಯಾಡ್ಮಿಂಟನ್ ಆಡುವವರ ಗುಂಪಿಗೆ ಒಂದು ಶನಿವಾರ ಹೋಗಿದ್ದೆ, ಅವರವರೇ ಮಾತಾಡಿಕೊಂಡು ನಗುತ್ತಿದ್ದರು, ಮತ್ತೆ ಹೋಗಲಿಲ್ಲ ಅಂದೆಯಲ್ಲ. ನನಗೆ ಬೇಜಾರಾಗಿದ್ದು ಆ ಮಾತಿಗೇ. ಮೊದಲ ದಿನ ಎಲ್ಲ ಗುಂಪೂ ಹಾಗೇ ಕಾಣುತ್ತದೆ ಪುಟ್ಟಿ. ಅವರಿಗೆ ಹಳೆಯ ಪರಿಚಯ, ಹಳೆಯ ತಮಾಷೆ. ನಿನ್ನನ್ನು ದೂರ ಇಡಬೇಕು ಅಂತ ಯಾರಿಗೂ ಇರುವುದಿಲ್ಲ. ನೀನು ಮುಂದಿನ ವಾರ ಬರುತ್ತೀಯೋ ಇಲ್ಲವೋ ಅವರಿಗೆ ಗೊತ್ತಿಲ್ಲ, ಅಷ್ಟೇ. ಒಂದು ದಿನ ಮುಖ ತೋರಿಸಿ ಹೋಗುವವರು ಎಷ್ಟೋ ಜನ. ಎರಡನೇ ಸಲ ಬಂದವರ ಹೆಸರು ಕೇಳುತ್ತಾರೆ. ನಾಲ್ಕು ಸಲ ಬಂದು ಐದನೇ ಸಲ ಬರದಿದ್ದರೆ, ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ.

ಇದು ನನಗೆ ಆಗಿದ್ದಕ್ಕೇ ಹೇಳುತ್ತಿದ್ದೇನೆ. ಮೊದಲ ಕೆಲಸಕ್ಕೆ ಗುರುತು ಪರಿಚಯ ಇಲ್ಲದ ಊರಿಗೆ ಹೋದಾಗ ನಾನು ನಿನಗಿಂತ ಚಿಕ್ಕವಳು. ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ನಡೆಯಲು ಹೋಗುತ್ತಿದ್ದೆ. ಅದೇ ಹೊತ್ತಿಗೆ ಒಬ್ಬ ಹೆಂಗಸು ಎದುರುಗಡೆಯಿಂದ ಬರುತ್ತಿದ್ದರು. ಕೈಯಲ್ಲಿ ಸಣ್ಣ ರೇಡಿಯೋ. ಅದರ ಮುಚ್ಚಳ ಬಿದ್ದುಹೋಗಿ ಸೆಲ್ ಜಾರದ ಹಾಗೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದ್ದರು. ಎರಡು ತಿಂಗಳು ನಮ್ಮದು ಬರೀ ತಲೆ ಆಡಿಸುವ ಪರಿಚಯ. ಆಮೇಲೆ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದೆ. ಐದನೇ ದಿನ ಹೋದಾಗ ಆಕೆ ನಿಂತರು. ರೇಡಿಯೋ ಆಫ್ ಮಾಡಿದರು. "ನಾಲ್ಕು ದಿನ ಕಾಣಲೇ ಇಲ್ಲ, ಹುಷಾರಿರಲಿಲ್ವಾ?" ಅಂತ ಕೇಳಿದರು.

ನಾನು ಬರಲಿಲ್ಲ ಅಂತ ಆ ಊರಿನಲ್ಲಿ ಒಬ್ಬರು ದಿನ ಎಣಿಸಿದ್ದರು! ನನ್ನ ಕಣ್ಣು ತುಂಬಿ ಬಂತು. ಹೆಸರು ಕೇಳಿಕೊಂಡಿದ್ದು ಅವತ್ತೇ. ಆಮೇಲೆ ಆ ಊರಿನಲ್ಲಿ ಇದ್ದಷ್ಟು ವರ್ಷವೂ ಆಕೆಯೇ ನನಗೆ ಅಕ್ಕನ ಹಾಗೆ. ಅಷ್ಟಕ್ಕೂ ನಾನು ಮಾಡಿದ್ದೇನು? ದಿನಾ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋದೆ.

2018ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಅವರು ವಿಚಾರಿಸಿದ್ದು ನಿನ್ನಂಥವರನ್ನೇ: ಆರು ತಿಂಗಳ ಒಳಗೆ ಹೊಸ ಊರಿಗೆ ಬಂದು ಗೆಳೆಯರನ್ನು ಹುಡುಕುತ್ತಿದ್ದ 355 ಜನ. ಪರಿಚಯದವರು ಸ್ವಲ್ಪ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕು. ಸ್ನೇಹಿತರು ಅನ್ನಿಸಿಕೊಳ್ಳಲು ಸುಮಾರು 90. ಆಪ್ತರಾಗಲು 200 ಗಂಟೆಗೂ ಜಾಸ್ತಿ. ಈಗ ನೀನೇ ನೋಡು. ವಾರಕ್ಕೆ ಎರಡು ಗಂಟೆ ಆಡಿದರೆ 50 ಗಂಟೆ ಆಗಲು 25 ವಾರ ಬೇಕು. ಹೆಚ್ಚುಕಡಿಮೆ ಆರು ತಿಂಗಳು. ನೀನು ಒಂದು ಶನಿವಾರ ಹೋಗಿ ಬಂದು, ಮೂರು ತಿಂಗಳಾದರೂ ಯಾರೂ ಸಿಗಲಿಲ್ಲ ಅಂತ ಕಣ್ಣೀರು ಹಾಕುತ್ತಿದ್ದೀಯ. ನಿನ್ನಲ್ಲಿ ಏನೂ ಕೊರತೆ ಇಲ್ಲ ಕಂದಾ. ಇನ್ನೂ ಗಂಟೆ ತುಂಬಿಲ್ಲ.

ಆಫೀಸಿನಲ್ಲಿ ದಿನಾ ಎಂಟು ಗಂಟೆ ಜನರ ಜೊತೆಯೇ ಇರುತ್ತೇನಲ್ಲ ಅನ್ನಬಹುದು. ಕೆಲಸ ಮಾಡುತ್ತಾ ಜೊತೆಯಲ್ಲಿದ್ದ ಹೊತ್ತು ಈ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ ಅಂತಲೂ ಅದೇ ಅಧ್ಯಯನದಲ್ಲಿ ಕಂಡುಬಂತು. ಸುಮ್ನೆ ಹರಟೆ ಹೊಡೆದದ್ದು, ತಿರುಗಾಡಿದ್ದು, ನಕ್ಕಿದ್ದು, ಅದು ಬರುತ್ತದೆ. ನಿನ್ನ ಪಕ್ಕ ಕೂರುವ ಹುಡುಗಿ ಒಳ್ಳೆಯವಳು ಅಂದಿದ್ದೆ. ಅವಳ ಜೊತೆ ಒಂದು ಸಲ ಆಫೀಸಿನ ಗೇಟು ದಾಟಿ ನೋಡು.

ಇನ್ನೊಂದು ಮಾತು, ನಿನಗೆ ಸ್ವಲ್ಪ ನೋವಾಗಬಹುದು. ರಾತ್ರಿ ದಿನಾ ಎರಡು ಗಂಟೆ ಹಳೆಯ ಗೆಳತಿಯರ ಜೊತೆ ವಿಡಿಯೋ ಕಾಲ್ ಅಂತೆ, ನಿಮ್ಮಮ್ಮ ಹೇಳಿದಳು. ಹಳೆಯ ಸ್ನೇಹ ಬಿಡು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ದಿನದಲ್ಲಿ ನಿನ್ನದು ಅಂತ ಉಳಿಯುವುದು ಆ ಎರಡೇ ಗಂಟೆ, ಅಲ್ವಾ? ಅದೂ ಫೋನಿಗೇ ಹೋದರೆ ನೀನು ಮಲಗುವುದೊಂದು ಹೊಸ ಊರಿನಲ್ಲಿ, ಬದುಕುವುದೆಲ್ಲ ಹಳೆಯ ಊರಿನಲ್ಲೇ ಆಗುತ್ತದೆ. ವಾರದಲ್ಲಿ ಮೂರು ಸಂಜೆ ಫೋನ್ ಒಳಗಿಟ್ಟು ಹೊರಗೆ ಹೋಗು. ಗೆಳತಿಯರು ಮುನಿಸಿಕೊಳ್ಳುವುದಿಲ್ಲ. ನಾನು ಮಾಡುವ ಫೋನಾದರೂ ಅಷ್ಟೇ, ಎತ್ತಬೇಡ.

ದೂರ ಹೋಗುವುದೇನೂ ಬೇಡ. ಅರ್ಧ ದಿನ ಬಸ್ಸಿನಲ್ಲೇ ಕಳೆಯಬೇಕಾದ ಕಡೆಗೆ ಎರಡು ವಾರ ಹೋಗುತ್ತೀಯ, ಮೂರನೇ ವಾರ ಬಿಡುತ್ತೀಯ. ನಡೆದು ಹೋಗುವಷ್ಟು ಹತ್ತಿರ ಏನಿದೆ ನೋಡು. ಗ್ರಂಥಾಲಯ, ಹಾಡಿನ ಕ್ಲಾಸು, ಗಿಡ ನೆಡುವವರ ಗುಂಪು, ಯಾವುದಾದರೂ ಸರಿ. ಎದುರು ಮನೆಯವರನ್ನೂ ಮರೆಯಬೇಡ. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಕುಟುಂಬಗಳ ವಸತಿಯನ್ನು ನೋಡಿ ಬರೆದ ಹಳೆಯ ಅಧ್ಯಯನವೊಂದು 1950ರಲ್ಲಿ ಬಂತು. ಅಲ್ಲಿ ಜಾಸ್ತಿ ಸ್ನೇಹ ಬೆಳೆದಿದ್ದು ಪಕ್ಕಪಕ್ಕದ ಬಾಗಿಲಿನವರಲ್ಲಿ. ಮೆಟ್ಟಿಲಿನ ಹತ್ತಿರ ಮನೆ ಇದ್ದವರಿಗೆ ಮೇಲಿನ ಮಹಡಿಯವರೂ ಗೆಳೆಯರಾದರು. ಹತ್ತುವಾಗ ಇಳಿಯುವಾಗ ಮುಖ ಕಾಣುತ್ತಿತ್ತಲ್ಲ, ಅದಕ್ಕೆ.

ನೀನು ನಾಚಿಕೆಯವಳು, ಗೊತ್ತು. ಮಾತಾಡಿ ಬಂದಮೇಲೆ "ಛೆ, ಏನೇನೋ ಮಾತಾಡಿಬಿಟ್ಟೆ, ಅವರಿಗೆ ಬೋರಾಗಿರಬೇಕು" ಅಂತ ಕೊರಗುತ್ತೀಯ. ಚಿಕ್ಕಂದಿನಿಂದಲೂ ಹಾಗೇ. ಹೊಸಬರ ಜೊತೆ ಮಾತಾಡಿದ ಮೇಲೆ, ಅವರಿಗೆ ತಾವು ಎಷ್ಟು ಹಿಡಿಸಿದೆವು ಅನ್ನುವುದನ್ನು ಜನ ಸಾಮಾನ್ಯವಾಗಿ ಕಡಿಮೆಯೇ ಅಂದುಕೊಳ್ಳುತ್ತಾರಂತೆ. ಇದನ್ನೂ ಮನಶ್ಶಾಸ್ತ್ರದವರು 2018ರಲ್ಲಿ ಪರೀಕ್ಷಿಸಿ ಬರೆದಿದ್ದಾರೆ. ಹಾಸ್ಟೆಲಿನಲ್ಲಿ ಒಟ್ಟಿಗೆ ಇದ್ದವರಲ್ಲೂ ಈ ಅನುಮಾನ ಎಷ್ಟೋ ತಿಂಗಳು ಹೋಗಲಿಲ್ಲ. ಹಾಗಾಗಿ ನಿನ್ನ ಆ ಕೊರಗನ್ನು ನಂಬಬೇಡ.

ಕರೆಯುವುದಾದರೆ ಸರಿಯಾಗಿ ಕರೆ. "ಯಾವಾಗಲಾದರೂ ಸಿಗೋಣ" ಅಂದರೆ ಯಾರೂ ಸಿಗುವುದಿಲ್ಲ. "ಗುರುವಾರ ಸಂಜೆ ಆರಕ್ಕೆ ಕೆರೆ ಕಡೆ ಹೋಗ್ತಿದ್ದೀನಿ, ಬರ್ತೀರಾ?" ಅನ್ನು. ಬರಲಿಲ್ಲವಾ, ಮುಂದಿನ ವಾರ ಇನ್ನೊಂದು ಸಲ ಕೇಳು. ಆಗಲೂ ಬರದಿದ್ದರೆ ಬಿಟ್ಟುಬಿಡು, ಬೇರೆಯವರನ್ನು ಕೇಳು. ಹೊಸಬರನ್ನು ಮೊದಮೊದಲು ನಾಲ್ಕು ಜನ ಇರುವ ಕಡೆ ಕಾಣು. ಪರಿಚಯವಾಗಿ ಹತ್ತು ದಿನಕ್ಕೆ ಸಾಲ ಕೇಳಿದರೆ ಕೊಡಬೇಡ.

ಈ ಪತ್ರ ಕೈಗೆ ಸಿಗುವ ಹೊತ್ತಿಗೆ ಶುಕ್ರವಾರ ಆಗಿರುತ್ತದೆ. ಬ್ಯಾಟು ಎಲ್ಲಿಟ್ಟಿದ್ದೀಯೋ ತೆಗೆದು ಬಾಗಿಲ ಹತ್ತಿರ ಇಡು. ನಾಳೆ ಹತ್ತು ನಿಮಿಷ ಮುಂಚೆಯೇ ಹೋಗು. ಆಟ ಶುರುವಾಗುವ ಮುಂಚೆ ನೆಟ್ ಕಟ್ಟಲು ಯಾರಾದರೂ ಒಬ್ಬರು ಬಂದೇ ಇರುತ್ತಾರೆ. ಇನ್ನೊಂದು ತುದಿ ನೀನು ಹಿಡಿದುಕೋ, ಹೆಸರು ಕೇಳು. ಭಾನುವಾರ ಫೋನ್ ಮಾಡಿದಾಗ ನನಗೆ ಆ ಹೆಸರು ಹೇಳಬೇಕು.

ನಿನ್ನ ಪ್ರೀತಿಯ
ಅತ್ತೆ