ನಮ್ಮ ಹಳೇ ಫೋರ್ಡ್ ದುರ್ಗಕ್ಕೆ ಹೋಗಿ ಬಂತು, ಎಲ್ಲರಿಗೂ ಥ್ಯಾಂಕ್ಸ್

ಹೋದ ಭಾನುವಾರ ನಮ್ಮ ಮನೆಯ 1929ರ ಫೋರ್ಡ್ ಮಾಡೆಲ್ ಎ ಕಾರು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಯಿತು. ಅಲ್ಲಿ ಕಾಲೇಜೊಂದರ ಪ್ರದರ್ಶನದಲ್ಲಿ ಮಧ್ಯಾಹ್ನದವರೆಗೆ ನಿಂತು, ಸಂಜೆ ವಾಪಸ್ ಬಂತು. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಯಾವುದಕ್ಕೂ ಇರಲಿ ಎಂದು ಹಿಂದೆ ಒಂದು ಟೋಯಿಂಗ್ ಗಾಡಿಯನ್ನೂ ಕರೆದುಕೊಂಡು ಹೋಗಿದ್ದೆವು. ಅದರ ಡ್ರೈವರ್ ಭರಮಸಾಗರದಲ್ಲಿ ಟೀ ಕುಡಿಯುತ್ತಾ, "ಇದು ನನಗೇನೂ ಕೆಲಸ ಕೊಡೋ ಹಂಗೆ ಕಾಣಲ್ಲ ಅಕ್ಕಾ" ಎಂದ. ಈ ಮಾತು ಕೇಳೋಕೆ ನಾವು ವರ್ಷಗಟ್ಟಲೆ ಕಾದಿದ್ದೆವು.

ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದಾರೆ. ಒಬ್ಬರಂತೂ, "ಹೆಸರು ಹಾಕಿದ್ರೆ ನಾಳೆಯಿಂದ ಊರಿನ ಹಳೇ ಗಾಡಿಯೆಲ್ಲಾ ನನ್ನ ಅಂಗಡಿ ಮುಂದೆ ಬಂದು ನಿಲ್ತಾವೆ" ಎಂದು ಹೆದರಿದರು. ಹಾಗಾಗಿ ಅವರವರ ಕೆಲಸ ಹಿಡಿದೇ ಹೇಳುತ್ತೇನೆ. ಓದಿದವರಿಗೆ ತಾವು ಯಾರೆಂದು ಗೊತ್ತಾಗುತ್ತೆ.

ಮೊದಲು ಕಾರಿನ ಬಗ್ಗೆ ಎರಡು ಮಾತು. ಫೋರ್ಡ್ ಕಂಪನಿ ಮಾಡೆಲ್ ಟಿ ನಿಲ್ಲಿಸಿದ ಮೇಲೆ, 1927ರ ಕೊನೆಗೆ ಮಾರುಕಟ್ಟೆಗೆ ಬಿಟ್ಟ ಕಾರು ಇದು. 1931ರವರೆಗೆ ಸುಮಾರು 48 ಲಕ್ಷ ಕಾರು ತಯಾರಾದವು. ನಾಲ್ಕು ಸಿಲಿಂಡರ್, 3.3 ಲೀಟರ್ ಎಂಜಿನ್. ಅಷ್ಟು ದೊಡ್ಡ ಎಂಜಿನ್‌ಗೆ ಶಕ್ತಿ ಬರೀ 40 ಹಾರ್ಸ್‌ಪವರ್. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ, ಹತ್ತಿ ವ್ಯಾಪಾರ ಮಾಡುತ್ತಿದ್ದ ನಮ್ಮ ಅಜ್ಜ ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರು. ನಾನು ಹುಟ್ಟುವ ಹೊತ್ತಿಗೆ ಅದು ಹಿತ್ತಲಿನ ಶೆಡ್ಡು ಸೇರಿತ್ತು. ಮೇಲೆ ಖಾಲಿ ಚೀಲಗಳು, ಹಿಂದಿನ ಸೀಟಿನಲ್ಲಿ ಬೆಕ್ಕಿನ ಸಂಸಾರ.

ಅಪ್ಪ ಹೋದ ಮೇಲೆ ಕಾರನ್ನು ಸರಿ ಮಾಡಿಸೋಣ ಎಂದು ದೂರದ ಊರಿನ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಅವರು ಅಡ್ವಾನ್ಸ್ ತಗೊಂಡರು, ಎಂಜಿನ್ ಬಿಚ್ಚಿಟ್ಟರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಬಂದ ಉತ್ತರ: ಹಳೇ ಎಂಜಿನ್ ಆಗಲ್ಲ, ಜೀಪಿನ ಡೀಸೆಲ್ ಎಂಜಿನ್ ಕೂರಿಸೋಣ. ನಮ್ಮವರು ಲಾರಿ ತಗೊಂಡು ಹೋಗಿ ಕಾರನ್ನು ವಾಪಸ್ ತಂದರು. ಬೋಲ್ಟು, ನಟ್ಟುಗಳು ಗೋಣಿಚೀಲದಲ್ಲಿ ಬಂದವು. ಆ ವಿಷಯ ಇಷ್ಟು ಸಾಕು.

ಆಗ ಯಾರೋ ಹರಿಹರದ ಲೇತ್ ಯಜಮಾನರ ಬಗ್ಗೆ ಹೇಳಿದರು. ಲೇತ್ ಯಂತ್ರ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಕೆಲಸ ಮಾಡಿ, ಈಗ ಮನೆ ಹಿಂದೆಯೇ ಅಲ್ಲಿನದೇ ಹಳೇ ಲೇತ್ ಇಟ್ಟುಕೊಂಡವರು. ಅವರ ಕೆಲಸವೆಲ್ಲಾ ಪಂಪ್‌ಸೆಟ್, ಟ್ರ್ಯಾಕ್ಟರ್‌ನದು. ನಾನು ಜೀಪ್ ಎಂಜಿನ್ನಿನ ವಿಷಯ ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಜೀಪಿನ ಎಂಜಿನ್ ಕೂರ್ಸಿದ್ರೆ ಓಡುತ್ತೆ. ಆದ್ರೆ ಓಡೋದು ಜೀಪು ಬಿಡವ್ವಾ" ಎಂದರು. ಅಲ್ಲಿಗೆ ನಮ್ಮ ಮನೆಯ ಚರ್ಚೆ ಮುಗಿಯಿತು.

ಯಜಮಾನರು ಮಾಡಿದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಈಗಿನ ಎಂಜಿನ್‌ಗೆ ತಿರುಗುವ ಶಾಫ್ಟನ್ನು ಹೊತ್ತುಕೊಳ್ಳುವ ಬೇರಿಂಗ್ ಬೇಕೆಂದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ ಆಯ್ತು. ಮಾಡೆಲ್ ಎ ಎಂಜಿನ್‌ನಲ್ಲಿ ಹಾಗಲ್ಲ. ವೈಟ್ ಮೆಟಲ್ ಎಂಬ ಲೋಹವನ್ನು ಕರಗಿಸಿ ನೇರವಾಗಿ ಎಂಜಿನ್ ಬ್ಲಾಕಿಗೂ ಪಿಸ್ಟನ್ನನ್ನು ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೂ ಹೊಯ್ಯಬೇಕು. ಅದರಲ್ಲಿ ಜಾಸ್ತಿ ಪಾಲು ತವರ, ಜೊತೆಗೆ ಆಂಟಿಮನಿ ಮತ್ತು ತಾಮ್ರ. ಸುಮ್ನೆ ಹೊಯ್ದರೆ ರಾಡಿಗೆ ಹಿಡಿಯಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಹಾಗೆ ಮೊದಲು ರಾಡಿಗೆ ತವರದ ತೆಳು ಪದರ ಹಚ್ಚಬೇಕು. ಚೂರು ಜಿಡ್ಡು ಉಳಿದರೂ ಕೆಲಸ ಕೆಟ್ಟ ಹಾಗೇ. ಹೊಯ್ದ ಮೇಲೆ ಬೋರಿಂಗ್, ಅಂದರೆ ಶಾಫ್ಟ್ ಕೂರುವ ತೂತನ್ನು ಅಳತೆಗೆ ಕೊರೆಯುವುದು. ಅದಾದ ಮೇಲೆ ಶಾಫ್ಟಿಗೆ ನೀಲಿ ಬಣ್ಣ ಹಚ್ಚಿ, ಕೂರಿಸಿ, ತಿರುಗಿಸಿ, ಬಿಚ್ಚಿ, ನೀಲಿ ಅಂಟಿದ ಉಬ್ಬುಗಳನ್ನು ಸ್ಕ್ರೇಪರ್‌ನಿಂದ ಕೈಯಲ್ಲೇ ಹೆರೆಯಬೇಕು. ಎಲ್ಲಾ ಕಡೆ ಒಂದೇ ಸಮ ನೀಲಿ ಹತ್ತುವ ತನಕ ಇದೇ ಕೆಲಸ. ಕೊನೆಗೆ ಉಳಿಯಬೇಕಾದ ಸಂದು ಒಂದರಿಂದ ಒಂದೂವರೆ ಥೌ. ಒಂದು ಥೌ ಅಂದರೆ ಒಂದು ಇಂಚಿನ ಸಾವಿರ ಭಾಗದಲ್ಲಿ ಒಂದು ಭಾಗ.

ಇಷ್ಟು ಸೂಕ್ಷ್ಮ ಯಾಕೆ ಎಂದು ನಾನೇ ಕೇಳಿದ್ದೆ. ಈ ಎಂಜಿನ್ನಿನಲ್ಲಿ ಎಣ್ಣೆಯನ್ನು ಒತ್ತಡದಿಂದ ನುಗ್ಗಿಸುವ ವ್ಯವಸ್ಥೆ ಇಲ್ಲ. ಪಂಪು ಎಣ್ಣೆಯನ್ನು ಮೇಲಕ್ಕೆ ಎತ್ತುತ್ತೆ, ಅದು ತಾನಾಗಿ ಇಳಿದು ಮುಖ್ಯ ಬೇರಿಂಗ್‌ಗಳಿಗೆ ಬರುತ್ತೆ. ರಾಡುಗಳಂತೂ ಕೆಳಗಿನ ತಟ್ಟೆಯ ಎಣ್ಣೆಯಲ್ಲಿ ಅದ್ದಿ ಎರಚಿಕೊಂಡೇ ಬದುಕಬೇಕು. ಸಂದು ಜಾಸ್ತಿಯಾದರೆ ಬಡಿತ ಶುರು, ಕಡಿಮೆಯಾದರೆ ಕಾದು ಹಿಡಿದುಕೊಳ್ಳುತ್ತೆ. ಆಯಿಲ್ ಫಿಲ್ಟರ್ ಕೂಡ ಇಲ್ಲ. ಅದಕ್ಕೇ 500 ಮೈಲಿಗೊಮ್ಮೆ ಎಣ್ಣೆ ಬದಲಿಸಿ ಎಂದು ಕಂಪನಿಯ ಪುಸ್ತಕದಲ್ಲೇ ಇದೆ. ಯಜಮಾನರು ಅದನ್ನು ಓದಿಸಿಕೊಂಡು, "ಗಾಡಿ ಮಾಡಿದವನು ಸುಳ್ಳು ಹೇಳಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಯಜಮಾನರೇ, ನಿಮ್ಮ ಜೊತೆ ನಿಂತು ಸ್ಕ್ರೇಪರ್ ಹಿಡಿಯಲು ಕಲಿತ ನಿಮ್ಮ ಮೊಮ್ಮಗಳಿಗೂ ನಮ್ಮ ನಮಸ್ಕಾರ. ಡಿಪ್ಲೊಮಾ ಮುಗಿಸಿ ಅವಳು ಬೇರೆ ಊರಿಗೆ ಹೋದರೆ ನಮಗೆ ಬೇಜಾರು, ಹೋಗದಿದ್ದರೆ ಅವಳಿಗೆ ನಷ್ಟ. ಏನು ಹೇಳೋದು!

ಪಿ.ಬಿ. ರಸ್ತೆಯ ರೇಡಿಯೇಟರ್ ಭಾಯ್‌ಗೆ ಥ್ಯಾಂಕ್ಸ್. ಅವರು ಲಾರಿ ರೇಡಿಯೇಟರ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಮೇಲಿನ ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ಕಟ್ಟಿದ್ದ ಸುಣ್ಣವನ್ನು ಕಂಬಿ ಹಾಕಿ ತೆಗೆದು, ಮತ್ತೆ ಬೆಸೆದು ಕೊಟ್ಟರು. ನಮ್ಮ ಬೋರ್‌ವೆಲ್ ನೀರನ್ನು ಇನ್ನು ಮುಂದೆ ಇದಕ್ಕೆ ಹಾಕಬಾರದು ಎಂದು ತಾಕೀತು ಮಾಡಿದ್ದಾರೆ.

ಆಟೋ ಎಲೆಕ್ಟ್ರಿಷಿಯನ್ ತಮ್ಮನಿಗೂ. ಈ ಕಾರಿನದು 6 ವೋಲ್ಟ್ ಬ್ಯಾಟರಿ, ಅದೂ ಪ್ಲಸ್ ಕಡೆ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ ಅರ್ತ್. ಈಗಿನ ಗಾಡಿಗಳೆಲ್ಲಾ ಇದಕ್ಕೆ ಉಲ್ಟಾ. ಅವನು ಮೊದಲ ದಿನವೇ ಒಂದು ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ "ಪ್ಲಸ್ ಅರ್ತ್, ಹುಷಾರ್" ಎಂದು ಬರೆದು ಬ್ಯಾಟರಿ ಮೇಲೆ ಕಟ್ಟಿದ. ಆ ರಟ್ಟು ಇನ್ನೂ ಅಲ್ಲೇ ಇದೆ. ಎಂಜಿನ್ ಶುರು ಮಾಡುವ ಕ್ರಮವನ್ನು ನಮ್ಮನೆಯವರಿಗೆಲ್ಲಾ ಬಾಯಿಪಾಠ ಮಾಡಿಸಿದವನೂ ಅವನೇ. ಪೆಟ್ರೋಲಿನ ನಲ್ಲಿಯನ್ನು ತಿರುಗಿಸಬೇಕು. ಸ್ಟೇರಿಂಗ್‌ನ ಎಡಗಡೆಯ ಸ್ಪಾರ್ಕ್ ಲಿವರ್ (ಕಿಡಿ ಹಾರುವ ಸಮಯ ಹೊಂದಿಸುವುದು) ಪೂರ್ತಿ ಮೇಲೆ, ಬಲಗಡೆಯ ಥ್ರಾಟಲ್ ಲಿವರ್ ಸ್ವಲ್ಪ ಕೆಳಗೆ. ಚೋಕ್ ಎಳೆದು ಸೆಲ್ಫ್ ಒತ್ತಬೇಕು. ಎಂಜಿನ್ ಹತ್ತಿದ ಮೇಲೆ ಸ್ಪಾರ್ಕ್ ಲಿವರ್ ಕೆಳಗೆ ತರಬೇಕು. ಸೆಲ್ಫ್ ಬದಲು ಕೈಯಿಂದ ಹ್ಯಾಂಡಲ್ ಹೊಡೆದು ಶುರು ಮಾಡುವಾಗ ಸ್ಪಾರ್ಕ್ ಲಿವರ್ ಮೇಲೆ ಇಡದಿದ್ದರೆ ಹ್ಯಾಂಡಲ್ ತಿರುಗಿ ಒದೆಯುತ್ತೆ, ಕೈ ಮುರಿಯುವುದೂ ಉಂಟು. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಾಕದೆ ಉಳಿದ ಬೆರಳುಗಳ ಪಕ್ಕವೇ ಇಟ್ಟುಕೊಳ್ಳಬೇಕು ಅನ್ನುವುದೂ ಅದಕ್ಕೇ.

ಈಗ ನನಗೆ ಅತಿ ಇಷ್ಟವಾದ ಕಥೆ. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಇರುವುದು ಡ್ಯಾಶ್‌ಬೋರ್ಡಿನ ಮುಂದೆ, ಕೂತವರ ಮಂಡಿಯಿಂದ ಸ್ವಲ್ಪ ಮೇಲೆ. ಫ್ಯೂಯೆಲ್ ಪಂಪ್ ಇಲ್ಲ, ಪೆಟ್ರೋಲ್ ತಾನಾಗಿ ಇಳಿದು ಕಾರ್ಬುರೇಟರ್‌ಗೆ ಹೋಗುತ್ತೆ. ಟ್ಯಾಂಕಿನೊಳಗೆ ಕಾರ್ಕಿನ ಬೆಂಡು ತೇಲುತ್ತಾ ಎಷ್ಟು ಪೆಟ್ರೋಲ್ ಇದೆ ಎಂದು ಗೇಜಿನಲ್ಲಿ ತೋರಿಸುತ್ತೆ. ಎಂಜಿನ್ ಚೆನ್ನಾಗಿ ಓಡಲು ಶುರುವಾದ ಮೇಲೆ ಹೊಸ ತಲೆನೋವು ಬಂತು. ಗೇಜು ಯಾವಾಗಲೂ ಖಾಲಿ ತೋರಿಸುತ್ತಿತ್ತು, ಕಾರ್ಬುರೇಟರ್‌ನಲ್ಲಿ ಅಂಟು ಕಟ್ಟುತ್ತಿತ್ತು. ಮೆಕ್ಯಾನಿಕ್‌ಗಳೆಲ್ಲಾ ಟ್ಯಾಂಕಿನ ತುಕ್ಕು ಎಂದರು.

ಆ ವಾರ ಮನೆಯಲ್ಲಿ ಹಳೇ ಬಾಗಿಲುಗಳಿಗೆ ಪಾಲಿಶ್ ಕೆಲಸ ನಡೆದಿತ್ತು. ಪಾಲಿಶ್ ಮಾಡುವವರು ಊಟಕ್ಕೆ ಕೂತಾಗ ನಾವು ಹೊರತೆಗೆದಿಟ್ಟ ಬೆಂಡನ್ನು ಮುಟ್ಟಿ, ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿದರು. "ಇದು ಅರಗು ಅಕ್ಕಾ. ನಾವು ಸ್ಪಿರಿಟ್‌ನಲ್ಲಿ ಕರಗಿಸಿ ಬಾಗಿಲಿಗೆ ಹಚ್ತೀವಲ್ಲ, ಅದೇ. ನಿಮ್ಮ ಪೆಟ್ರೋಲಲ್ಲಿ ಸ್ಪಿರಿಟ್ ಏನಾದ್ರೂ ಐತಾ?" ಎಂದರು.

ಇತ್ತು! ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥೆನಾಲ್ ಇರುತ್ತೆ. ಎಥೆನಾಲ್ ಅಂದರೆ ಸ್ಪಿರಿಟ್ಟೇ ಅಲ್ವಾ? ಆ ಕಾಲದಲ್ಲಿ ಬೆಂಡಿನೊಳಗೆ ಪೆಟ್ರೋಲ್ ಇಂಗದಿರಲಿ ಎಂದು ಅರಗು ಹಚ್ಚುತ್ತಿದ್ದರು. ಬರೀ ಪೆಟ್ರೋಲಿಗೆ ಅರಗು ಜಗ್ಗಲ್ಲ, ಎಥೆನಾಲ್‌ಗೆ ಕರಗುತ್ತೆ. ಕರಗಿದ ಅರಗು ಕೆಳಗಿಳಿದು ಅಂಟಾಯಿತು, ಬರಿದಾದ ಬೆಂಡು ಪೆಟ್ರೋಲ್ ಕುಡಿದು ಮುಳುಗಿತು. ಈಗ ಹಿತ್ತಾಳೆಯ ಟೊಳ್ಳು ಬೆಂಡು ಮಾಡಿಸಿ ಹಾಕಿದ್ದೇವೆ. ರಬ್ಬರ್ ಪೈಪುಗಳನ್ನೂ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿದ್ದೇವೆ. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ, ಕಾರು ಬಹಳ ದಿನ ನಿಲ್ಲುವುದಿದ್ದರೆ ಟ್ಯಾಂಕ್ ಖಾಲಿ ಮಾಡುತ್ತೇವೆ. ಮನೆಯಲ್ಲಿ ಹಳೇ ಸ್ಕೂಟರ್, ಹಳೇ ಜೀಪ್ ಇಟ್ಟುಕೊಂಡವರು ನಿಮ್ಮ ಪೈಪುಗಳನ್ನೂ ಒಮ್ಮೆ ನೋಡಿಕೊಳ್ಳಿ. ಪಾಲಿಶ್ ಅಣ್ಣಾ, ನಿಮ್ಮ ಮೂಗಿಗೆ ಒಂದು ದೊಡ್ಡ ನಮಸ್ಕಾರ.

ಲಾರಿ ಬಾಡಿ ಕಟ್ಟುವ ಬಡಗಿಗಳು ಹುಡ್ಡಿನ, ಅಂದರೆ ಕಾರಿನ ಬಟ್ಟೆ ಚಾವಣಿಯ, ಮರದ ಬಾಗುಗಳನ್ನು ಮಾಡಿದರು. ಟಾರ್ಪಾಲ್ ಹೊಲಿಯುವವರು ಅದಕ್ಕೆ ಕ್ಯಾನ್ವಾಸ್ ಹೊಲಿದರು. ಬ್ರೇಕ್ ಲೈನಿಂಗ್ ಅಂಗಡಿಯವರು ನಾಲ್ಕೂ ಚಕ್ರಕ್ಕೆ ಹೊಸ ಲೈನಿಂಗ್ ರಿವೆಟ್ ಹೊಡೆದರು. ಇದರ ಬ್ರೇಕಿನಲ್ಲಿ ಎಣ್ಣೆ ಇಲ್ಲ, ಬರೀ ಸರಳುಗಳು. ನಾಲ್ಕೂ ಒಂದೇ ಸಮ ಹಿಡಿಯುವಂತೆ ಮಾಡುವುದು ತಾಳ್ಮೆ ಕೆಡಿಸುವ ಕೆಲಸ. ಟಿಂಕರಿಂಗ್ ಮಾಡಿದವರು ಎಡಗಡೆ ಮಡ್‌ಗಾರ್ಡಿನ ನೆಗ್ಗನ್ನು ನನ್ನ ಮಾತಿಗೆ ಹಾಗೇ ಬಿಟ್ಟರು. ಅದು ನಮ್ಮ ಚಿಕ್ಕಜ್ಜ ಗಾಡಿ ಕಲಿಯುವಾಗ ಆದದ್ದಂತೆ. ಶೋರೂಮಿನಿಂದ ಬಂದದ್ದಕ್ಕಿಂತ ಜಾಸ್ತಿ ಹೊಳೆಯುವ ಹಳೇ ಕಾರುಗಳು ನನಗೆ ಯಾಕೋ ಹಿಡಿಸಲ್ಲ.

ಸಾರಿಗೆ ಕಚೇರಿಯಲ್ಲಿ ತಾಳ್ಮೆಯಿಂದ ಕೂತು ನಿಯಮ ಓದಿ ಹೇಳಿದ ಮೇಡಂ ಅವರನ್ನು ಮರೆಯುವಂತಿಲ್ಲ. 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಬೇರೆ ನಿಯಮ ಮಾಡಿದೆ. ಹಳೇ ನಂಬರ್ ಇದ್ದರೆ ಅದೇ ಉಳಿಯುತ್ತೆ, ನೋಂದಣಿ 10 ವರ್ಷಕ್ಕೆ ಸಿಗುತ್ತೆ. ಆದರೆ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕೆ ಮಾತ್ರ. ಅಜ್ಜನ ಕಾಲದ ಕಾಗದಗಳಲ್ಲಿ ಇದ್ದದ್ದು ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಮೊದಲ ಉದ್ದದ ಓಡಾಟ ದುರ್ಗಕ್ಕೇ ಆಗಲಿ ಎಂದು ಅಮ್ಮ ಹಟ ಹಿಡಿದರು.

ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ದಾಟಲಿಲ್ಲ. ಆನಗೋಡು ದಾಟಿದ ಮೇಲೆ ಒಬ್ಬ ಲಾರಿ ಡ್ರೈವರ್ ಪಕ್ಕದಲ್ಲೇ ನಿಧಾನಕ್ಕೆ ಬಂದು, "ಯಾವ ಸಿನಿಮಾ ಶೂಟಿಂಗು?" ಎಂದು ಕೇಳಿ ನಕ್ಕು ಮುಂದೆ ಹೋದ. ಪ್ರದರ್ಶನದಲ್ಲಿ ಮಕ್ಕಳು ಹೆಚ್ಚು ಹೊತ್ತು ನೋಡಿದ್ದು ಹಾರ್ನ್. ಅಮ್ಮ ಹಿಂದಿನ ಸೀಟಿನಲ್ಲಿ ಕೂತು ವಾಪಸ್ ಬರುವವರೆಗೂ ಮಾತಾಡುತ್ತಲೇ ಇದ್ದರು. ಸಂಜೆ ಎಲ್ಲರೂ ಬೆಣ್ಣೆ ದೋಸೆ ತಿಂದೆವು, ಟೋಯಿಂಗ್ ಡ್ರೈವರ್ ಕೂಡ.

ಮಳೆಗಾಲಕ್ಕೆ ಮುಂಚೆ ಹುಡ್ಡಿನ ಪಕ್ಕದ ಪರದೆಗಳು ಆಗಬೇಕು. ಟಾರ್ಪಾಲ್ ಅಣ್ಣ ಅಳತೆಗೆ ಬರುತ್ತೇನೆ ಎಂದಿದ್ದಾರೆ, ಬರಲಿ. ಲೇತ್ ಯಜಮಾನರೇ, ಕೇಳಿದಾಗಲೆಲ್ಲಾ "ಗಾಡಿ ದುರ್ಗ ಮುಟ್ಟಲಿ, ಆಮೇಲೆ ನೋಡೋಣ" ಅಂತಿದ್ರಿ. ದುರ್ಗ ಮುಟ್ಟಿತು. ಈಗಲಾದರೂ ಬಿಲ್ ಕಳಿಸಿ.